ಸಿಂಕಿಗೆ ಸುರಿದದ್ದರ ಲೆಕ್ಕವನ್ನೂ ಕೇಳಿ: ರಸಾಯನಶಾಸ್ತ್ರ ಅಧ್ಯಯನ ಮಂಡಳಿಗೆ ಬಹಿರಂಗ ಪತ್ರ

ಕುವೆಂಪು ವಿಶ್ವವಿದ್ಯಾಲಯದ ರಸಾಯನಶಾಸ್ತ್ರ ಪದವಿ ಅಧ್ಯಯನ ಮಂಡಳಿಯ ಅಧ್ಯಕ್ಷರು ಮತ್ತು ಸದಸ್ಯರಿಗೆ,
ಶಿವಮೊಗ್ಗ, ಚಿಕ್ಕಮಗಳೂರು ಜಿಲ್ಲೆಗಳ ಪದವಿ ಕಾಲೇಜುಗಳ ರಸಾಯನಶಾಸ್ತ್ರ ಅಧ್ಯಾಪಕ ಮಿತ್ರರಿಗೆ,

ಮಾನ್ಯರೇ,

ಪದವಿ ಪಠ್ಯಕ್ರಮ ನಮ್ಮ ರಾಜ್ಯದಲ್ಲಿ ಕೆಲವೇ ವರ್ಷಗಳಲ್ಲಿ ಎರಡು ಬಾರಿ ಮಗ್ಗುಲು ಬದಲಿಸಿದೆ. 2021-22ರಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿಯ ಚೌಕಟ್ಟು ಬಂತು. 2024-25ರಲ್ಲಿ ಮತ್ತೆ ಮೂರು ವರ್ಷಗಳ ಪದವಿಗೆ ಮರಳಿದೆವು. ಇಂಥ ಬದಲಾವಣೆಯಾದಾಗಲೆಲ್ಲ ಅಧ್ಯಾಪಕರ ನಡುವೆ ಥಿಯರಿ ಪತ್ರಿಕೆಗಳ ಬಗ್ಗೆ ಬಿಸಿಬಿಸಿ ಚರ್ಚೆಯಾಗುತ್ತದೆ. ಯಾವ ಘಟಕ ಎಲ್ಲಿಗೆ ಹೋಗಬೇಕು, ಯಾವುದಕ್ಕೆ ಎಷ್ಟು ಗಂಟೆ ಎಂದು ವಾದಗಳಾಗುತ್ತವೆ. ಪ್ರಾಕ್ಟಿಕಲ್ ಪಟ್ಟಿಯ ಸರದಿ ಬರುವ ಹೊತ್ತಿಗೆ ಎಲ್ಲರಿಗೂ ದಣಿವಾಗಿರುತ್ತದೆ, ಹಳೆಯದನ್ನೇ ಒಂದಿಷ್ಟು ಹಿಂದೆಮುಂದೆ ಮಾಡಿ ಮುಗಿಸುತ್ತಾರೆ. ಮಲೆನಾಡಿನ ತಾಲ್ಲೂಕು ಕೇಂದ್ರವೊಂದರಲ್ಲಿ ಬಿ.ಎಸ್ಸಿ. ವಿದ್ಯಾರ್ಥಿಗಳಿಗೆ ಸಾವಯವ ರಸಾಯನಶಾಸ್ತ್ರ ಕಲಿಸುವ ನಾನು ಆ ಪಟ್ಟಿಯ ಬಗ್ಗೆಯೇ ಬರೆಯುತ್ತಿದ್ದೇನೆ.

ಕೇಳುವುದು ಇಷ್ಟೇ. ಹಸಿರು ರಸಾಯನಶಾಸ್ತ್ರವನ್ನು, ಅಂದರೆ ತ್ಯಾಜ್ಯವನ್ನೂ ಅಪಾಯವನ್ನೂ ಮೊದಲೇ ತಗ್ಗಿಸುವ ರಸಾಯನಶಾಸ್ತ್ರವನ್ನು, ಥಿಯರಿಯ ಮೂಲೆಯಿಂದ ಎಬ್ಬಿಸಿ ಪ್ರಯೋಗಾಲಯದ ಮೇಜಿಗೆ ತನ್ನಿ, ಮತ್ತು ಅದಕ್ಕೆ ಪ್ರಾಯೋಗಿಕ ಪರೀಕ್ಷೆಯಲ್ಲಿ ಅಂಕ ಇಡಿ. ಎರಡನೆಯದು ಆಗದಿದ್ದರೆ ಮೊದಲನೆಯದು ಕಾಗದದ ಮೇಲೆಯೇ ಉಳಿಯುತ್ತದೆ.

ಪಾಲ್ ಅನಾಸ್ಟಾಸ್ ಮತ್ತು ಜಾನ್ ವಾರ್ನರ್ 1998ರಲ್ಲಿ ಮುಂದಿಟ್ಟ ಹಸಿರು ರಸಾಯನಶಾಸ್ತ್ರದ ಹನ್ನೆರಡು ಸೂತ್ರಗಳನ್ನು ನಮ್ಮ ವಿದ್ಯಾರ್ಥಿಗಳು ಪಟಪಟನೆ ಒಪ್ಪಿಸುತ್ತಾರೆ. ತ್ಯಾಜ್ಯವಾದ ಮೇಲೆ ಶುಚಿಗೊಳಿಸುವುದಕ್ಕಿಂತ ಅದು ಆಗದಂತೆ ನೋಡಿಕೊಳ್ಳುವುದು ಮೇಲು ಎಂಬುದು ಮೊದಲ ಸೂತ್ರ. ಬೆಳಿಗ್ಗೆ ಕಿರುಪರೀಕ್ಷೆಯಲ್ಲಿ ಅದನ್ನು ಬರೆದು ಪೂರ್ಣ ಅಂಕ ಪಡೆದ ಹುಡುಗಿಯೇ ಮಧ್ಯಾಹ್ನ ಲ್ಯಾಬಿನಲ್ಲಿ ಹರಳುಗಳನ್ನು ಶೋಧಿಸಿ ತೆಗೆದು, ಕೆಳಗೆ ಉಳಿದ ದ್ರವವನ್ನು ಸಿಂಕಿಗೆ ಸುರಿದು ನಲ್ಲಿ ತಿರುಗಿಸುತ್ತಾಳೆ. ಅವಳನ್ನು ದೂರಿ ಫಲವಿಲ್ಲ. ನಮ್ಮ ಕೈಪಿಡಿಗಳು ‘ಶೋಧಿಸಿ, ತೊಳೆದು, ಒಣಗಿಸಿ, ತೂಗಿ’ ಎನ್ನುತ್ತವೆ. ಶೋಧಿಸಿದ ಮೇಲೆ ಫ್ಲಾಸ್ಕಿನಲ್ಲಿ ಉಳಿದದ್ದು ಎಲ್ಲಿಗೆ ಹೋಗಬೇಕು ಎಂಬ ಒಂದು ವಾಕ್ಯವೂ ಅವುಗಳಲ್ಲಿ ಇರುವುದಿಲ್ಲ.

ಆ ದ್ರವ ಹೋಗುವ ದಾರಿಯನ್ನು ನಮ್ಮ ಕಡೆ ಹುಡುಕುತ್ತಾ ಹೋಗುವ ಅಗತ್ಯವಿಲ್ಲ. ತೀರ್ಥಹಳ್ಳಿಯ ಚರಂಡಿ ಇಳಿಯುವ ದಿಕ್ಕಿನಲ್ಲಿ ತುಂಗೆ ಇದ್ದಾಳೆ, ಭದ್ರಾವತಿಯದರಲ್ಲಿ ಭದ್ರೆ, ಹೊಸನಗರದ ಇಳಿಜಾರುಗಳ ಕೊನೆಯಲ್ಲಿ ಶರಾವತಿ. ತುಂಗೆ, ಭದ್ರೆಯರು ಕೂಡ್ಲಿಯಲ್ಲಿ ಸೇರಿ ಮುಂದೆ ಹರಿಹರ ದಾಟಿ ಬಯಲು ಸೀಮೆಗೆ ಇಳಿಯುತ್ತಾರೆ. ಒಂದು ಕಾಲೇಜಿನ ಒಂದು ಮಧ್ಯಾಹ್ನದ ತ್ಯಾಜ್ಯ ನದಿಯನ್ನು ಕೆಡಿಸಿಬಿಡುತ್ತದೆ ಎಂದು ನಾನು ಹೇಳುವುದಿಲ್ಲ, ಅದು ಉತ್ಪ್ರೇಕ್ಷೆಯಾದೀತು. ಆದರೆ ನಾಳೆ ಔಷಧ ಕಾರ್ಖಾನೆಯ ರಿಯಾಕ್ಟರ್ ಮುಂದೆ ನಿಲ್ಲುವ ಹುಡುಗ ‘ಸುರಿದು ನೀರು ಬಿಟ್ಟರೆ ಮುಗಿಯಿತು’ ಎಂಬ ಪಾಠವನ್ನು ಕಲಿಯುವುದು ಇಲ್ಲಿಯೇ. ನನ್ನ ಚಿಂತೆ ಆ ಅಭ್ಯಾಸದ ಬಗ್ಗೆ.

ಒಂದು ಪ್ರಯೋಗವನ್ನೇ ಹತ್ತಿರದಿಂದ ನೋಡೋಣ. ಅಸಿಟನಿಲೈಡಿನಿಂದ ಪ್ಯಾರಾ-ಬ್ರೋಮೋಅಸಿಟನಿಲೈಡ್ ತಯಾರಿಸುವುದು ನಮ್ಮಲ್ಲಿ ಬಹಳ ಕಾಲದಿಂದ ನಡೆದುಬಂದ ಪ್ರಿಪರೇಷನ್. ಅಸಿಟನಿಲೈಡನ್ನು ಗ್ಲೇಸಿಯಲ್ ಅಸಿಟಿಕ್ ಆಮ್ಲದಲ್ಲಿ ಕರಗಿಸಿ, ಬ್ರೋಮಿನ್ ದ್ರಾವಣವನ್ನು ಹನಿಹನಿಯಾಗಿ ಸೇರಿಸಿ, ಮಂಜುಗಡ್ಡೆಯ ನೀರಿಗೆ ಸುರಿದರೆ ಬಿಳಿಯ ಹರಳು ಬೀಳುತ್ತದೆ. ಎಥೆನಾಲಿನಲ್ಲಿ ಮರುಸ್ಫಟಿಕಗೊಳಿಸಿದರೆ 167 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಕರಗುತ್ತದೆ. ನೋಡಲು ಚೆಂದದ ಪ್ರಯೋಗ, ಪರೀಕ್ಷಕರಿಗೂ ಅಚ್ಚುಮೆಚ್ಚು.

ಈಗ ಇದೇ ಪ್ರಯೋಗ ಜುಲೈ ತಿಂಗಳ ಮಧ್ಯಾಹ್ನ ನಮ್ಮ ಕಡೆ ನಡೆಯುವುದನ್ನು ಊಹಿಸಿಕೊಳ್ಳಿ. ಹೊರಗೆ ಜಡಿಮಳೆ. ಇರಿಚಲು ಒಳಗೆ ಬಂದು ರೆಕಾರ್ಡ್ ಪುಸ್ತಕಗಳು ನೆನೆಯುತ್ತವೆಂದು ಕಿಟಕಿಗಳನ್ನೆಲ್ಲ ಹಾಕಿಕೊಂಡಿರುತ್ತೇವೆ. ಕರೆಂಟು ಹೋದರೆ ಎಕ್ಸಾಸ್ಟ್ ಫ್ಯಾನೂ ನಿಂತಿತು. ಬ್ರೋಮಿನ್ ಕುದಿಯುವುದು 59 ಡಿಗ್ರಿಗೆ, ಅಂದರೆ ಕೋಣೆಯ ತಾಪದಲ್ಲಿಯೇ ಅದು ಸಲೀಸಾಗಿ ಆವಿಯಾಗುತ್ತದೆ. ಬಾಟಲಿಯ ಮುಚ್ಚಳ ತೆಗೆದೊಡನೆ ಕೆಂಗಂದು ಹೊಗೆ ಕುತ್ತಿಗೆ ದಾಟಿ ಮೇಜಿನ ಮೇಲೆ ಇಳಿಯುತ್ತದೆ, ಗಾಳಿಗಿಂತ ಭಾರವಾದ್ದರಿಂದ ಅಲ್ಲಿಯೇ ಕೂರುತ್ತದೆ. ಅದನ್ನು ಮೊದಲು ಉಸಿರಾಡುವವರು ಲ್ಯಾಬ್ ಅಟೆಂಡರ್. ದ್ರಾವಣ ತಯಾರಿಸಿಡುವವರು ಅವರು, ಎಲ್ಲರೂ ಮನೆಗೆ ಹೋದ ಮೇಲೆ ಫ್ಲಾಸ್ಕ್ ತೊಳೆಯುವವರೂ ಅವರು. ವಿದ್ಯಾರ್ಥಿ ಮೂರು ವರ್ಷ ಇದ್ದು ಹೋಗುತ್ತಾನೆ. ಅಟೆಂಡರ್ ಆ ಗಾಳಿಯಲ್ಲಿ ಕೆಲಸದ ಆಯುಸ್ಸನ್ನೆಲ್ಲ ಕಳೆಯುತ್ತಾರೆ, ಅವರ ಹೆಸರು ಯಾವ ಕೈಪಿಡಿಯಲ್ಲಿಯೂ ಬರುವುದಿಲ್ಲ. ಹೊಗೆಯನ್ನು ಹೊರಗೆಳೆಯುವ ಸುಸಜ್ಜಿತ ಫ್ಯೂಮ್ ಹುಡ್ ಇರುವ ಕಟ್ಟಡಗಳಿಗೆಂದು ಬರೆದ ಪ್ರಯೋಗಗಳನ್ನು ಕಿಟಕಿ ಹಾಕಿದ ಮಲೆನಾಡಿನ ಕೋಣೆಗಳಲ್ಲಿ ಮಾಡಿಸುತ್ತಿದ್ದೇವೆ ಎಂಬುದನ್ನು ಮಂಡಳಿ ದಯವಿಟ್ಟು ಗಮನಿಸಬೇಕು.

ಹೊಗೆಯ ಮಾತಾಯಿತು. ಲೆಕ್ಕವನ್ನೂ ನೋಡಿ. ಬಳಸಿದ ವಸ್ತುಗಳ ತೂಕದಲ್ಲಿ ಎಷ್ಟು ಭಾಗ ಬೇಕಾದ ಉತ್ಪನ್ನದೊಳಗೆ ಸೇರಿತು ಎಂದು ಅಳೆಯುವುದೇ ಪರಮಾಣು ಮಿತವ್ಯಯ. ಬ್ಯಾರಿ ಟ್ರೋಸ್ಟ್ 1991ರಲ್ಲಿ ಕೊಟ್ಟ ಈ ಅಳತೆಗೆ ಕೂಡುವುದು, ಭಾಗಿಸುವುದು ಬಿಟ್ಟರೆ ಬೇರೆ ಗಣಿತ ಬೇಡ. ಅಸಿಟನಿಲೈಡಿನ ಅಣುಭಾರ 135, ಬ್ರೋಮಿನ್ನಿನದು 160, ಉತ್ಪನ್ನದ್ದು 214. ಭಾಗಿಸಿದರೆ ಸುಮಾರು ಶೇ. 73. ಉಳಿದದ್ದು ಹೈಡ್ರೋಜನ್ ಬ್ರೋಮೈಡ್ ಆಗಿ ಹೋಯಿತು. ಅಂದರೆ ಅಷ್ಟು ಕಷ್ಟಪಟ್ಟು ತಂದ ಬ್ರೋಮಿನ್ನಿನ ಅರ್ಧಭಾಗ ಹರಳಿನೊಳಗೆ ಸೇರಲೇ ಇಲ್ಲ. 20 ಮಂದಿಯ ಬ್ಯಾಚು ತಲಾ 5 ಗ್ರಾಂ ಅಸಿಟನಿಲೈಡ್ ತೆಗೆದುಕೊಂಡರೆ ಸುಮಾರು 60 ಗ್ರಾಂ ಹೈಡ್ರೋಜನ್ ಬ್ರೋಮೈಡ್ ಹುಟ್ಟುತ್ತದೆ. ಕರಗಿಸಲು ಬಳಸಿದ ಅಸಿಟಿಕ್ ಆಮ್ಲದ ಲೆಕ್ಕ ಬೇರೆ.

ಭಾರತ ಸರ್ಕಾರದ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆಯ ಹಸಿರು ರಸಾಯನಶಾಸ್ತ್ರ ಕಾರ್ಯಪಡೆ ಇಂಥ ಪ್ರಯೋಗಗಳಿಗೆ ಬದಲಿಗಳನ್ನು ಕೊಡುವ ಸಂಕಲನವೊಂದನ್ನು ಹೊರತಂದಿದೆ. ಅದರಲ್ಲಿ ಇದೇ ಬ್ರೋಮಿನೀಕರಣಕ್ಕೆ ದ್ರವ ಬ್ರೋಮಿನ್ ಬೇಡ. ಪೊಟ್ಯಾಸಿಯಂ ಬ್ರೋಮೈಡ್ ಮತ್ತು ಸೆರಿಕ್ ಅಮೋನಿಯಂ ನೈಟ್ರೇಟ್ ಬಳಸಿ, ನೀರು ಮತ್ತು ಎಥೆನಾಲಿನಲ್ಲಿ ಮಾಡಬಹುದು. ಹೊಗೆ ಇಲ್ಲ, ಕೆಂಪು ಬಾಟಲಿ ಇಲ್ಲ. ಒಳ್ಳೆಯದೇ. ಆದರೆ ಅಲ್ಲಿಗೆ ನಿಲ್ಲದೆ ವಿದ್ಯಾರ್ಥಿಯ ಕೈಗೆ ಕ್ಯಾಲ್ಕುಲೇಟರ್ ಕೊಡಿ. ಸೆರಿಕ್ ಲವಣದ ಅಣುಭಾರ 548, ಸಮೀಕರಣದ ಪ್ರಕಾರ ಎರಡು ಮೋಲ್ ಬೇಕು. ಪರಮಾಣು ಮಿತವ್ಯಯ ಧಡಕ್ಕನೆ ಶೇ. 16ಕ್ಕೆ ಇಳಿಯುತ್ತದೆ! ಹೈಡ್ರೋಬ್ರೋಮಿಕ್ ಆಮ್ಲ ಮತ್ತು ಹೈಡ್ರೋಜನ್ ಪೆರಾಕ್ಸೈಡಿನಿಂದ ಮಾಡಿದರೆ ಉಪೋತ್ಪನ್ನ ಬರೀ ನೀರು, ಶೇ. 86ರ ಹತ್ತಿರ ಬರುತ್ತದೆ. ಆ ಆಮ್ಲದ ಬದಲು ಪೊಟ್ಯಾಸಿಯಂ ಬ್ರೋಮೈಡ್ ಮತ್ತು ಹೈಡ್ರೋಕ್ಲೋರಿಕ್ ಆಮ್ಲ ಬಳಸಿದರೆ ಮತ್ತೆ 66.

ಹಾಗಾದರೆ ಇವುಗಳಲ್ಲಿ ಹಸಿರು ಯಾವುದು? ಸಂಖ್ಯೆ ಒಂದು ಮಾತು ಹೇಳುತ್ತದೆ, ಅಟೆಂಡರ್‌ನ ಶ್ವಾಸಕೋಶ ಇನ್ನೊಂದು ಮಾತು ಹೇಳುತ್ತದೆ, ಕಾಲೇಜಿನ ಖರೀದಿ ಬಿಲ್ಲು ಮೂರನೆಯದನ್ನು ಹೇಳುತ್ತದೆ. ಈ ಪ್ರಶ್ನೆಯನ್ನು ತರಗತಿಯಲ್ಲಿ ಎತ್ತಿದಾಗ ಸದಾ ಹಿಂದಿನ ಬೆಂಚಿನಲ್ಲಿ ಸುಮ್ಮನೆ ಕೂರುವವರೂ ವಾದಕ್ಕಿಳಿಯುತ್ತಾರೆ. ನನ್ನ ದೃಷ್ಟಿಯಲ್ಲಿ ಕಲಿಕೆ ನಡೆಯುವುದು ಆ ಗಳಿಗೆಯಲ್ಲಿ. ಕೈಪಿಡಿಯ ಹಳೆಯ ವಿಧಾನ ಕಿತ್ತು ಹೊಸ ವಿಧಾನ ಅಂಟಿಸಿ ‘ಇದು ಹಸಿರು’ ಎಂದು ನಂಬಿಸಿದರೆ ಒಂದು ಬಾಯಿಪಾಠದ ಜಾಗದಲ್ಲಿ ಇನ್ನೊಂದು ಬಾಯಿಪಾಠ ಕೂರಿಸಿದಂತಾಗುತ್ತದೆ.

ಇಲ್ಲಿ ಅಂಕದ ವಿಷಯಕ್ಕೆ ಬರುತ್ತೇನೆ, ಏಕೆಂದರೆ ನನ್ನ ಪ್ರಕಾರ ಗಂಟು ಇರುವುದು ಅಲ್ಲಿ. ಪ್ರಿಪರೇಷನ್‌ಗೆ ಅಂಕ ಕೊಡುವಾಗ ಪರೀಕ್ಷಕರು ಏನು ನೋಡುತ್ತಾರೆ? ಇಳುವರಿ, ಹರಳಿನ ಬಣ್ಣ, ಕರಗುವ ಬಿಂದು. ಅಲ್ಲಿಗೆ ಮುಗಿಯಿತು. ಇಳುವರಿಗೆ ಮಾತ್ರ ಅಂಕವಿದ್ದರೆ ವಿದ್ಯಾರ್ಥಿ ಸಹಜವಾಗಿಯೇ ಹೆಚ್ಚು ಕಾರಕ ಸುರಿಯುತ್ತಾನೆ, ಹೆಚ್ಚು ದ್ರಾವಕ ಹಾಕುತ್ತಾನೆ, ಬೆಳ್ಳಗಾಗಲೆಂದು ಮತ್ತೆ ಮತ್ತೆ ತೊಳೆಯುತ್ತಾನೆ. ನಾವು ಯಾವುದಕ್ಕೆ ಬೆಲೆ ಕಟ್ಟಿದೆವೋ ಅದನ್ನೇ ಅವನು ಕೊಟ್ಟ. ಇದರ ಬದಲು ರೆಕಾರ್ಡಿನಲ್ಲಿ ಇಳುವರಿಯ ಕೆಳಗೆ ಇನ್ನೊಂದು ಸಾಲು ಬರಲಿ: ಒಟ್ಟು ಎಷ್ಟು ಗ್ರಾಂ ವಸ್ತು ತೆಗೆದುಕೊಂಡೆ, ಎಷ್ಟು ಗ್ರಾಂ ಉತ್ಪನ್ನವಾಯಿತು, ಉಳಿದದ್ದು ಏನು, ಅದನ್ನು ಎಲ್ಲಿ ಹಾಕಿದೆ. ರೋಜರ್ ಶೆಲ್ಡನ್ 1992ರಲ್ಲಿ ಪರಿಚಯಿಸಿದ ಇ-ಫ್ಯಾಕ್ಟರ್ ಎಂದರೆ ಇದೇ, ಒಂದು ಕಿಲೋ ಉತ್ಪನ್ನಕ್ಕೆ ಎಷ್ಟು ಕಿಲೋ ತ್ಯಾಜ್ಯ ಎಂಬ ಲೆಕ್ಕ. ಅವರ ಅಂದಾಜಿನಂತೆ ಔಷಧ ತಯಾರಿಕೆಯಲ್ಲಿ ಅದು 25ರಿಂದ 100ರವರೆಗೂ ಹೋಗುತ್ತದೆ, ಅದರಲ್ಲಿ ದೊಡ್ಡ ಪಾಲು ದ್ರಾವಕಗಳದ್ದು. ನಮ್ಮ ಪದವೀಧರರು ನಂಜನಗೂಡಿಗೋ ಹೈದರಾಬಾದಿಗೋ ಕೆಲಸಕ್ಕೆ ಹೋದಾಗ ಎದುರಾಗುವ ಲೆಕ್ಕ ಇದು. ಅದನ್ನು ಅವರು ಅಲ್ಲಿ ಮೊದಲ ಬಾರಿ ಕೇಳುವಂತೆ ಆಗಬಾರದು.

ಬೆಂಜೋಯಿನ್ ಪ್ರಯೋಗದ ಬಗ್ಗೆ ಒಂದು ಮಾತು ಹೇಳದೆ ಮುಂದೆ ಹೋಗಲಾರೆ, ಏಕೆಂದರೆ ಅದು ನನಗೆ ಬಲು ಇಷ್ಟ. ಎರಡು ಅಣು ಬೆಂಜಾಲ್ಡಿಹೈಡ್ ಸೇರಿ ಒಂದು ಅಣು ಬೆಂಜೋಯಿನ್. ಒಂದು ಪರಮಾಣುವೂ ಪೋಲಾಗುವುದಿಲ್ಲ. ಹಳೆಯ ವಿಧಾನದಲ್ಲಿ ವೇಗವರ್ಧಕವಾಗಿ ಬಳಸುವುದು ಸೋಡಿಯಂ ಸಯನೈಡ್. ಅದೇ ಕೆಲಸವನ್ನು ವಿಟಮಿನ್ ಬಿ-1, ಅಂದರೆ ಥಯಮಿನ್, ಮಾಡಿಕೊಡುತ್ತದೆ. ಹೇಗೆ ಮಾಡುತ್ತದೆ ಎಂಬುದನ್ನು ರೊನಾಲ್ಡ್ ಬ್ರೆಸ್ಲೊ 1958ರಲ್ಲೇ ವಿವರಿಸಿದ್ದಾರೆ. ನಮ್ಮ ಜೀವಕೋಶಗಳೊಳಗೆ ಥಯಮಿನ್ ಮಾಡುವ ಕೆಲಸದ ಬಗೆಯೂ ಅದೇ. ಸಯನೈಡಿನ ಡಬ್ಬಿಗೆ ಬೀಗ ಹಾಕಿ ಕಾಯುವ ಬದಲು ವಿಟಮಿನ್ನಿನಿಂದ ಒಂದು ಇಂಗಾಲ–ಇಂಗಾಲ ಬಂಧ ಕಟ್ಟುವುದನ್ನು ಹತ್ತೊಂಬತ್ತರ ಹುಡುಗಿಗೆ ತೋರಿಸಬಹುದಾದರೆ ಯಾವ ಅಧ್ಯಾಪಕರಿಗೆ ಬೇಡವಾದೀತು?

ಆದರೆ ಅದು ತಾಳ್ಮೆ ಕೇಳುತ್ತದೆ. ಬೆಂಜಾಲ್ಡಿಹೈಡ್ ಬಾಟಲಿ ಹಳೆಯದಾಗಿದ್ದರೆ ಗಾಳಿಯೊಂದಿಗೆ ವರ್ತಿಸಿ ಬೆಂಜೋಯಿಕ್ ಆಮ್ಲವಾಗಿರುತ್ತದೆ, ಆ ಆಮ್ಲ ಕ್ರಿಯೆಗೆ ಬೇಕಾದ ಪ್ರತ್ಯಾಮ್ಲವನ್ನು ನುಂಗಿ ಪ್ರಯೋಗ ಕೆಡಿಸುತ್ತದೆ. ಸೋಡಿಯಂ ಕಾರ್ಬೊನೇಟಿನಿಂದ ತೊಳೆದು ಹೊಸದಾಗಿ ಬಟ್ಟಿ ಇಳಿಸಿಕೊಳ್ಳಬೇಕು. ಪ್ರತ್ಯಾಮ್ಲ ಸೇರಿಸುವಾಗ ಬಿಸಿಯಾದರೆ ಥಯಮಿನ್ ಒಡೆದುಹೋಗುತ್ತದೆ, ಮಂಜುಗಡ್ಡೆಯ ಮೇಲಿಟ್ಟು ಹನಿಹನಿಯಾಗಿ ಹಾಕಬೇಕು. ಆಮೇಲೆ ಒಂದೆರಡು ದಿನ ಕದಲಿಸದೆ ಇಡಬೇಕು. ಮೂರು ಗಂಟೆಯ ಪರೀಕ್ಷೆಗೆ ಇದು ಹೊಂದುವುದಿಲ್ಲ, ನಿಜ. ಈ ವಾರ ಆರಂಭಿಸಿ ಮುಂದಿನ ವಾರ ಶೋಧಿಸುವಂತೆ ವೇಳಾಪಟ್ಟಿ ಮಾಡಿ, ಅಂಕಗಳನ್ನು ಆಂತರಿಕ ಮೌಲ್ಯಮಾಪನಕ್ಕೆ ಸೇರಿಸಿದರೆ ತೊಡಕು ಪರಿಹಾರವಾಗುತ್ತದೆ. ಮಂಡಳಿಯ ಒಂದು ಸಾಲಿನ ಅನುಮತಿ ಸಾಕು.

ನೀರಿನ ಪೋಲು ಇನ್ನೊಂದು. ಆವಿಯನ್ನು ತಣಿಸುವ ಕಂಡೆನ್ಸರಿಗೆ ನಲ್ಲಿಯಿಂದ ಬಂದ ನೀರು ನೇರ ಚರಂಡಿಗೆ ಹೋಗುತ್ತದೆ. ನಿಮಿಷಕ್ಕೆ ಒಂದೇ ಲೀಟರ್ ಎಂದು ಹಿಡಿದರೂ ಎರಡು ಗಂಟೆಗೆ 120 ಲೀಟರ್, 20 ಕಂಡೆನ್ಸರಿಗೆ 2,400 ಲೀಟರ್. ಒಂದು ಬಕೆಟ್, ಅದರಲ್ಲಿ ಒಂದು ಪುಟ್ಟ ಸಬ್‌ಮರ್ಸಿಬಲ್ ಪಂಪು ಇದ್ದರೆ ಅದೇ ನೀರು ಸುತ್ತುತ್ತಿರುತ್ತದೆ. ಇದಕ್ಕೆ ಮಂಡಳಿಯ ಸಭೆಯೂ ಬೇಡ, ನಾಳೆಯೇ ಮಾಡಬಹುದು.

ಹಸಿರು ಎಂದೊಡನೆ ಕೆಲವರು ‘ಸಸ್ಯಮೂಲದ್ದೆಲ್ಲ ಒಳ್ಳೆಯದು’ ಎಂಬ ತೀರ್ಮಾನಕ್ಕೆ ಬರುತ್ತಾರೆ. ಮಲೆನಾಡಿನಲ್ಲಿ ಈ ಮೋಹ ಸಹಜ. ಕಾಳುಮೆಣಸು, ಲವಂಗ, ದಾಲ್ಚಿನ್ನಿ, ಅಂಟುವಾಳ ಎಲ್ಲ ಹಿತ್ತಲಲ್ಲೇ ಇವೆ. ಮೆಣಸಿನಿಂದ ಎಥೆನಾಲಿನಲ್ಲಿ ಪೈಪರಿನ್ ತೆಗೆಯುವುದು, ಲವಂಗದಿಂದ ನೀರಾವಿಯಲ್ಲಿ ಯೂಜಿನಾಲ್ ಬಟ್ಟಿ ಇಳಿಸುವುದು ಖಂಡಿತ ಪಟ್ಟಿಯಲ್ಲಿರಲಿ. ಆದರೆ ಬಟ್ಟಿ ಇಳಿಸಿದ ನೀರಿನಿಂದ ಆ ಎಣ್ಣೆಯನ್ನು ಬೇರ್ಪಡಿಸಲು ಡೈಕ್ಲೋರೋಮೀಥೇನ್ ಬಳಸಿದರೆ ಲವಂಗ ನಮ್ಮ ತೋಟದ್ದು ಎಂದು ಹೇಳಿಕೊಂಡು ಏನು ಬಂತು? ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಅದನ್ನು ಮನುಷ್ಯರಿಗೆ ಬಹುಶಃ ಕ್ಯಾನ್ಸರ್‌ಕಾರಕ ಎಂಬ ಗುಂಪಿನಲ್ಲಿ ಇಟ್ಟಿದೆ. ಅಲ್ಲಿ ಈಥೈಲ್ ಅಸಿಟೇಟ್ ಸಾಲುತ್ತದೆಯೇ ಎಂದು ವಿದ್ಯಾರ್ಥಿಗಳೇ ಮಾಡಿ ನೋಡಲಿ.

ನಮ್ಮ ಮಕ್ಕಳು ಈ ಬಗೆಯ ಯೋಚನೆಗೆ ಹೊಸಬರಲ್ಲ. ಅಡಿಕೆ ತೋಟದ ಮನೆಯಿಂದ ಬಂದವರನ್ನು ಬೋರ್ಡೋ ದ್ರಾವಣದ ಬಗ್ಗೆ ಕೇಳಿ ನೋಡಿ. ಕೊಳೆರೋಗಕ್ಕೆ 100 ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ. ಸಿಂಪಡಿಸುವ ಮೊದಲು ಅಪ್ಪ ಹೊಳೆಯುವ ಕಬ್ಬಿಣದ ಕತ್ತಿಯನ್ನು ದ್ರಾವಣದಲ್ಲಿ ಅದ್ದಿ ಮೇಲೆತ್ತುತ್ತಾರೆ. ಅಲಗಿನ ಮೇಲೆ ತಾಮ್ರದ ಕೆಂಪು ಕೂತಿದ್ದರೆ ಸುಣ್ಣ ಸಾಲದು, ಹಾಗೆಯೇ ಹೊಡೆದರೆ ಎಲೆ, ಕಾಯಿ ಸುಡುತ್ತದೆ. ಇನ್ನಷ್ಟು ಸುಣ್ಣದ ತಿಳಿ ಸೇರಿಸಿ ಮತ್ತೆ ಅದ್ದುತ್ತಾರೆ. ಕ್ರಿಯೆ ನಡೆಯುತ್ತಿರುವಾಗಲೇ ಅಳೆದು ಅಪಾಯ ಆಗದಂತೆ ತಡೆಯಬೇಕು ಎನ್ನುವ ಹನ್ನೊಂದನೆಯ ಸೂತ್ರದ ತಿರುಳು ಇದೇ. ಕಬ್ಬಿಣ ತಾಮ್ರವನ್ನು ಲವಣದಿಂದ ಹೊರಗೆ ತಳ್ಳುವುದನ್ನು ಆ ಹುಡುಗ ಏಳನೆಯ ತರಗತಿಗೂ ಮೊದಲೇ ಕಂಡಿದ್ದಾನೆ. ವರ್ಷ ವರ್ಷ ಸಿಂಪಡಿಸಿದ ತಾಮ್ರ ತೋಟದ ಮಣ್ಣಿನಲ್ಲಿಯೇ ಸೇರಿಕೊಳ್ಳುತ್ತಾ ಹೋಗುತ್ತದೆ ಎಂಬ ಮುಂದಿನ ಮಾತನ್ನೂ ಅವನೊಂದಿಗೆ ಆಡಬಹುದು. ಸೂತ್ರಗಳನ್ನು ಹೀಗೆ ಕಲಿಸಿದರೆ ಮರೆಯುವ ಪ್ರಶ್ನೆಯೇ ಇಲ್ಲ.

‘ಕೈಚಳಕ ಹೋಗುತ್ತದೆ’ ಎಂದು ಹಿರಿಯ ಸಹೋದ್ಯೋಗಿಗಳು ಹೇಳುವುದನ್ನು ಕೇಳಿದ್ದೇನೆ. ಅವರ ಕಳಕಳಿ ನಿಜವಾದದ್ದು, ಹಗುರವಾಗಿ ತಳ್ಳಿಹಾಕಲಾರೆ. ಆದರೆ ಅರ್ಧ ಗ್ರಾಂ ವಸ್ತುವನ್ನು ಕಳೆಯದೆ ಮರುಸ್ಫಟಿಕಗೊಳಿಸಲು ಐದು ಗ್ರಾಮಿಗಿಂತ ಹೆಚ್ಚು ಕೈಚಳಕ ಬೇಕು. ಅಮೆರಿಕದ ಬೌಡಿನ್ ಕಾಲೇಜಿನವರು 1980ರ ದಶಕದ ಆರಂಭದಲ್ಲಿ ಸೂಕ್ಷ್ಮ ಪ್ರಮಾಣದ ಸಾವಯವ ಪ್ರಯೋಗಗಳಿಗೆ ಹೊರಳಿದ್ದು ತಮ್ಮ ಲ್ಯಾಬಿನ ಗಾಳಿ ಕೆಟ್ಟಿತ್ತೆಂಬ ಕಾರಣಕ್ಕೆ; ಕಟ್ಟಡಕ್ಕೆ ದುಬಾರಿ ಗಾಳಿಯ ವ್ಯವಸ್ಥೆ ಹಾಕಿಸುವ ಬದಲು ರಾಸಾಯನಿಕಗಳ ಪ್ರಮಾಣವನ್ನೇ ಇಳಿಸಿದರು. ನಮ್ಮ ಸಂಕಟವೂ ಅದೇ ಬಗೆಯದು. ಪರಂಪರೆ ಬಿಟ್ಟರೆ ವಿಷಯವೇ ಹೋಗುತ್ತದೆ ಎಂಬ ಭಯಕ್ಕೆ ಪ್ರಾಣಿಶಾಸ್ತ್ರದ ಕಡೆ ನೋಡಿದರೆ ಸಾಕು. ಕಪ್ಪೆಯ ಛೇದನವನ್ನು ಹಂತಹಂತವಾಗಿ ನಿಲ್ಲಿಸಲು ಯುಜಿಸಿ 2011ರಲ್ಲಿ ಮಾರ್ಗಸೂಚಿ ಕೊಟ್ಟಿತು. ಪ್ರಾಣಿಶಾಸ್ತ್ರ ಆಮೇಲೂ ಚೆನ್ನಾಗಿಯೇ ನಡೆಯುತ್ತಿದೆ.

ಅಪಾಯಕಾರಿ ವಸ್ತುಗಳನ್ನು ಲ್ಯಾಬಿನಿಂದ ಪೂರ್ತಿ ಓಡಿಸಿ ಎಂದು ನಾನು ಕೇಳುತ್ತಿಲ್ಲ. ಬ್ರೋಮಿನ್ನನ್ನು ಕಂಡೇ ಇಲ್ಲದ ರಸಾಯನಶಾಸ್ತ್ರ ಪದವೀಧರ ನನಗೂ ಬೇಡ. ಅಧ್ಯಾಪಕರು ಒಮ್ಮೆ ಸರಿಯಾದ ಹುಡ್ ಒಳಗೆ ಮಾಡಿ ತೋರಿಸಲಿ, ಏಕೆ ಎಚ್ಚರ ಬೇಕೆಂದು ವಿವರಿಸಲಿ. ಪ್ರತಿ ಬ್ಯಾಚಿನ ಪ್ರತಿ ವಿದ್ಯಾರ್ಥಿಯೂ ಅದನ್ನು ತಲಾ 5 ಗ್ರಾಮಿನ ಪ್ರಮಾಣದಲ್ಲಿ ಮಾಡಲೇಬೇಕೆಂಬ ಹಟ ಬಿಡೋಣ. ಬೆಂಜೀನಿನ ವಿಷಯದಲ್ಲಿ ಮಾತ್ರ ನನಗೆ ಯಾವ ರಾಜಿಯೂ ಇಲ್ಲ: ಅದು ಮನುಷ್ಯರಲ್ಲಿ ಕ್ಯಾನ್ಸರ್ ತರುತ್ತದೆಂದು ಸಾಬೀತಾಗಿದೆ, ಪದವಿ ಲ್ಯಾಬಿನಲ್ಲಿ ಅದು ದ್ರಾವಕವಾಗಿ ಇರಲೇಬಾರದು. ಮೂಲಧಾತು ಪರೀಕ್ಷೆಗೆ ಸೋಡಿಯಂ ಲೋಹದ ತುಂಡು ಕಾಯಿಸಿ ನೀರಿಗೆ ಅದ್ದುವ ಲಸ್ಸೇನ್ ವಿಧಾನಕ್ಕೂ ಸತುವಿನ ಪುಡಿ ಮತ್ತು ಸೋಡಿಯಂ ಕಾರ್ಬೊನೇಟಿನ ಬದಲಿ ಇದೆ. ಜಡಿಮಳೆಯ ತೇವದಲ್ಲಿ ಸೋಡಿಯಂ ಜೊತೆ ಏಗಿದವರಿಗೆ ಆ ಬದಲಿಯ ಬೆಲೆ ಗೊತ್ತು.

ಆದ್ದರಿಂದ ಮಂಡಳಿಯ ಮುಂದೆ ನನ್ನ ಬೇಡಿಕೆ ಇದು. ಸಾವಯವ ಪ್ರಿಪರೇಷನ್‌ಗಳ ಪಟ್ಟಿಯಲ್ಲಿ ಕನಿಷ್ಠ ಅರ್ಧದಷ್ಟನ್ನು ಹಳೆಯ ವಿಧಾನ, ಬದಲಿ ವಿಧಾನ ಎರಡನ್ನೂ ಹೋಲಿಸಿ ಬರೆಯುವ ಪ್ರಯೋಗಗಳನ್ನಾಗಿ ಮಾಡಿ. ಪ್ರಮಾಣ ಒಂದು ಗ್ರಾಮಿಗೆ ಇಳಿಯಲಿ. ಪ್ರಿಪರೇಷನ್‌ಗೆ ಮೀಸಲಾದ ಅಂಕಗಳಲ್ಲಿ ಮೂರನೇ ಒಂದು ಭಾಗವನ್ನು ತ್ಯಾಜ್ಯದ ಲೆಕ್ಕ ಮತ್ತು ವಿಲೇವಾರಿಗೆ ಕೊಡಿ, ವೈವಾದಲ್ಲಿ (ಮೌಖಿಕ ಪರೀಕ್ಷೆಯಲ್ಲಿ) ಒಂದು ಪ್ರಶ್ನೆಯಾದರೂ ಅದರ ಮೇಲೆ ಇರಲಿ. ಹೊರಗಿನ ಪರೀಕ್ಷಕರಿಗೆ ಕಳುಹಿಸುವ ಸೂಚನೆಯಲ್ಲಿ ಇದನ್ನು ಸ್ಪಷ್ಟವಾಗಿ ಬರೆಯಿರಿ, ಇಲ್ಲದಿದ್ದರೆ ಅವರು ಹರಳಿನ ಬಣ್ಣ ನೋಡಿಯೇ ಅಂಕ ಹಾಕಿ ಬಸ್ ಹಿಡಿಯುತ್ತಾರೆ. ಪ್ರತಿ ಲ್ಯಾಬಿನಲ್ಲಿ ಹ್ಯಾಲೊಜನ್ ಇರುವ ತ್ಯಾಜ್ಯಕ್ಕೆ ಒಂದು, ಇಲ್ಲದ್ದಕ್ಕೆ ಒಂದು, ಲೋಹದ ಲವಣಗಳಿಗೆ ಒಂದು ಮುಚ್ಚಳದ ಡಬ್ಬಿ ಕಡ್ಡಾಯವಾಗಲಿ. ತುಂಬಿದ ಡಬ್ಬಿಗಳನ್ನು ತಾಲ್ಲೂಕಿನ ಕಾಲೇಜುಗಳು ಒಬ್ಬೊಬ್ಬರೇ ವಿಲೇವಾರಿ ಮಾಡಲಾರವು; ವರ್ಷಕ್ಕೊಮ್ಮೆ ಒಟ್ಟುಗೂಡಿಸಿ ನಿಯಮದ ಪ್ರಕಾರ ಸಾಗಿಸುವ ಹೊಣೆಯನ್ನು ವಿಶ್ವವಿದ್ಯಾಲಯ ಹೊತ್ತುಕೊಳ್ಳಬೇಕು.

ಎಲ್ಲವೂ ಒಂದೇ ವರ್ಷದಲ್ಲಿ ಆಗದು ಎಂದರೆ ಅಂಕದ ಬದಲಾವಣೆಯಿಂದ ಆರಂಭಿಸಿ. ಅದಕ್ಕೆ ಹಣ ಬೇಡ, ಉಪಕರಣ ಬೇಡ. ಮಳೆಗಾಲದ ಸೆಮಿಸ್ಟರ್ ಶುರುವಾಗುವ ಮೊದಲು ವಿಶ್ವವಿದ್ಯಾಲಯವಿರುವ ಶಂಕರಘಟ್ಟದಲ್ಲಿ ಅಧ್ಯಾಪಕರು ಮತ್ತು ಲ್ಯಾಬ್ ಅಟೆಂಡರ್‌ಗಳಿಗಾಗಿ ಒಂದು ದಿನದ ಕಾರ್ಯಾಗಾರ ಏರ್ಪಡಿಸಿದರೆ ಬ್ರೋಮಿನೀಕರಣ ಮತ್ತು ಥಯಮಿನ್ ಬೆಂಜೋಯಿನ್ ಎರಡನ್ನೂ ಮಾಡಿ ತೋರಿಸಲು ನಾನು ಸಿದ್ಧಳಿದ್ದೇನೆ. ಬೇಕಾಗುವ ವಸ್ತುಗಳ ಪಟ್ಟಿಯನ್ನೂ ಮಾದರಿ ಅಂಕಪಟ್ಟಿಯ ಕರಡನ್ನೂ ಈ ಪತ್ರದೊಂದಿಗೆ ಮಂಡಳಿಯ ಕಚೇರಿಗೆ ಕಳುಹಿಸುತ್ತಿದ್ದೇನೆ. ದಿನಾಂಕ ನಿಗದಿಯಾದರೆ ತಿಳಿಸಿ. ಬೆಂಜಾಲ್ಡಿಹೈಡನ್ನು ಹಿಂದಿನ ದಿನವೇ ಬಟ್ಟಿ ಇಳಿಸಿಟ್ಟುಕೊಳ್ಳಬೇಕಾಗುತ್ತದೆ.

ಇಂತಿ ತಮ್ಮ ವಿಶ್ವಾಸಿ,
ಮಲೆನಾಡಿನ ಪದವಿ ಕಾಲೇಜೊಂದರ ರಸಾಯನಶಾಸ್ತ್ರ ಅಧ್ಯಾಪಕಿ
ಶಿವಮೊಗ್ಗ ಜಿಲ್ಲೆ